ಜಾಮ್ ಆದ ಸ್ಕ್ರೂ, ತುಕ್ಕು ಹಿಡಿದ ಬೋಲ್ಟು: ಕೈ ಉಪಕರಣಗಳಿಂದಲೇ ಬಿಚ್ಚುವುದು ಹೇಗೆ?

“ಬೋಲ್ಟು ತುಕ್ಕು ಹಿಡಿದು ಕೂತಿದೆ, ಅಲ್ಲಾಡುತ್ತಲೇ ಇಲ್ಲ, ಏನು ಮಾಡಲಿ?” “ಸ್ಟಾರ್ ಸ್ಕ್ರೂ ತಲೆ ಸವೆದು ಗುಂಡಗಾಗಿದೆ, ಇನ್ನು ತೆಗೆಯುವುದು ಹೇಗೆ?” ಓದುಗರು ಪದೇ ಪದೇ ಕೇಳುವುದು ಈ ಎರಡು ಪ್ರಶ್ನೆ. ಮೊದಲ ಪ್ರಶ್ನೆಯ ಹಂತದಲ್ಲಿ ಅವಸರಪಟ್ಟವರೇ ಬಹುಪಾಲು ಎರಡನೆಯದಕ್ಕೆ ಬಂದು ನಿಲ್ಲುತ್ತಾರೆ. ಕೈಗೆ ಸಿಕ್ಕ ಸ್ಕ್ರೂಡ್ರೈವರ್ ಹಾಕಿ, ಜಾರಿದರೂ ಬಿಡದೆ ನಾಲ್ಕು ಸಲ ತಿರುವಿದರೆ ಸಾಕು, ತಲೆಯ ಗುಳಿ ಹಾಳಾಗುತ್ತದೆ. ಆಮೇಲೆ ಸರಿಯಾದ ಉಪಕರಣ ತಂದರೂ ಅದಕ್ಕೆ ಹಿಡಿತ ಸಿಗುವುದಿಲ್ಲ.

ಅದಕ್ಕೇ ಈ ಕೆಲಸದಲ್ಲಿ ಮೊದಲು ಹಿಡಿತ, ಆಮೇಲೆ ಎಣ್ಣೆ, ಆಮೇಲೆ ಪೆಟ್ಟು. ತೋಳಿನ ಬಲ ಅದಾದ ಮೇಲೆ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಯಾವ ಹಂತದಲ್ಲಿ ಸ್ಕ್ರೂ ಸಡಿಲವಾಯಿತೋ ಅಲ್ಲಿಗೆ ನಿಲ್ಲಿಸಿ.

ಮೊದಲು, ಅದು ಯಾಕೆ ಕೂತಿದೆ ಎಂದು ನೋಡಿ

ಎಲ್ಲ ಜಾಮ್‌ಗೂ ಒಂದೇ ಮದ್ದಿಲ್ಲ. ಕಬ್ಬಿಣ ತುಕ್ಕಾದಾಗ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್‌ಗಳ, ಅಂದರೆ ಮರೆಗಳ, ನಡುವಿನ ಸಂದನ್ನೆಲ್ಲ ಅದು ತುಂಬಿಕೊಂಡು ನಟ್ಟು–ಬೋಲ್ಟನ್ನು ಬಿಗಿಯುತ್ತದೆ. ಇಲ್ಲಿ ಎಣ್ಣೆ ಮತ್ತು ಪೆಟ್ಟು ಎರಡೂ ಕೆಲಸ ಮಾಡುತ್ತವೆ. ಅಲ್ಯೂಮಿನಿಯಂ ಭಾಗದಲ್ಲಿ ಉಕ್ಕಿನ ಸ್ಕ್ರೂ ಇದ್ದು, ಸುತ್ತ ಬಿಳಿ ಪುಡಿ ಕಂಡರೆ ಎರಡು ಬೇರೆ ಲೋಹಗಳ ನಡುವೆ ತೇವ ಸೇರಿ ಆದ ಸವೆತ ಅದು. ಇದಕ್ಕೆ ಎಣ್ಣೆಗಿಂತ ಶಾಖ ಹೆಚ್ಚು ಉಪಕಾರಿ. ಮರೆಯ ಮೇಲೆ ನೀಲಿಯೋ ಕೆಂಪೋ ಬಣ್ಣದ ಗಟ್ಟಿ ಪದರ ಕಂಡರೆ ಅದು ಥ್ರೆಡ್‌ಲಾಕರ್. ಕಂಪನಕ್ಕೆ ಸ್ಕ್ರೂ ಬಿಚ್ಚಿಕೊಳ್ಳದಿರಲಿ ಎಂದು ಹಾಕುವ ಅಂಟು ಇದು. ಇದರ ಮುಂದೆ ಎಣ್ಣೆಯ ಆಟ ನಡೆಯುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟೇ ಇದ್ದರೆ ಮಾತ್ರ ಬಹಳ ಎಚ್ಚರ. ಅವು ತುಕ್ಕು ಹಿಡಿಯುವುದು ಕಡಿಮೆ, ಆದರೆ ಉಜ್ಜಾಟದಲ್ಲಿ ಮರೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬಿಚ್ಚುತ್ತ ಹೋದಂತೆ ಸಡಿಲವಾಗುವ ಬದಲು ಬಿಗಿಯಾಗುತ್ತಿದ್ದರೆ ತಕ್ಷಣ ನಿಲ್ಲಿಸಿ. ಎಣ್ಣೆ ಹಾಕಿ ತಣ್ಣಗಾಗಲು ಬಿಡಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ನಿಧಾನವಾಗಿ ಮತ್ತೆ ಬಿಚ್ಚಿ. ಬಲವಂತ ಮಾಡಿದರೆ ಕೊನೆಗೆ ಕತ್ತರಿಸುವುದೊಂದೇ ದಾರಿ.

ಬೇಕಾಗುವ ಸಾಮಾನು

ತಲೆಗೆ ಸರಿಹೊಂದುವ ಸ್ಕ್ರೂಡ್ರೈವರ್ ಅಥವಾ ಬಿಟ್‌ಗಳು (ಹಿಡಿಕೆಗೆ ಸಿಕ್ಕಿಸುವ ಬಿಡಿ ತುದಿಗಳು), ರಿಂಗ್ ಸ್ಪ್ಯಾನರ್, ಆರು ಮೂಲೆಯ ಸಾಕೆಟ್ (ಬೋಲ್ಟಿನ ತಲೆಗೆ ಟೋಪಿಯಂತೆ ಕೂರುವ ಸ್ಪ್ಯಾನರ್) ಮತ್ತು ಉದ್ದ ಹಿಡಿಕೆ, ಅರ್ಧ ಕೆ.ಜಿ.ಯಿಂದ ಒಂದು ಕೆ.ಜಿ. ತೂಕದ ಸುತ್ತಿಗೆ, ಸೆಂಟರ್ ಪಂಚ್ (ಲೋಹದ ಮೇಲೆ ಚುಕ್ಕಿ ಹೊಡೆಯುವ ಚೂಪು ಮೊನೆಯ ಉಕ್ಕಿನ ಕಡ್ಡಿ), ತಂತಿ ಬ್ರಷ್, ಚೂಪಾದ ಕಡ್ಡಿ ಅಥವಾ ಸೂಜಿ, ಪೆನೆಟ್ರೇಟಿಂಗ್ ಆಯಿಲ್, ಲಾಕಿಂಗ್ ಪ್ಲೈಯರ್ (ಹಿಡಿದು ಬಿಗಿ ಮಾಡಿದರೆ ತಾನಾಗಿ ಬಿಡದ ಇಕ್ಕಳ), ಹ್ಯಾಕ್ಸಾ ಬ್ಲೇಡು, ಕಣ್ಣಿಗೆ ಸುರಕ್ಷಾ ಕನ್ನಡಕ. ಇದಕ್ಕೆ ಒಂದೇ ಒಂದು ಉಪಕರಣ ಸೇರಿಸುವುದಾದರೆ ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಸೇರಿಸಿ. ಸವೆಯಲಿದ್ದ ಎಷ್ಟೋ ಸ್ಕ್ರೂಗಳನ್ನು ಇದೊಂದೇ ಉಳಿಸುತ್ತದೆ.

ಪೆನೆಟ್ರೇಟಿಂಗ್ ಆಯಿಲ್ ಎಂದರೆ ಸೂಕ್ಷ್ಮ ಸಂದಿಗೂ ತಾನಾಗಿ ಇಳಿಯುವಷ್ಟು ತೆಳುವಾದ ಎಣ್ಣೆ. ಗ್ರೀಸ್, ಎಂಜಿನ್ ಆಯಿಲ್, ಅಡುಗೆ ಎಣ್ಣೆ ಯಾವುದೂ ಇದರ ಬದಲಿಗೆ ಆಗುವುದಿಲ್ಲ. ಅವು ಮೇಲೆಯೇ ನಿಲ್ಲುತ್ತವೆ.

ಹಂತ 1: ತಿರುಗಿಸುವ ದಿಕ್ಕು ಸರಿಯೇ?

ಸಾಮಾನ್ಯ ಸ್ಕ್ರೂ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಬಿಚ್ಚಿಕೊಳ್ಳುತ್ತದೆ. ಆದರೆ ಎಡಮರೆಯ ಸ್ಕ್ರೂಗಳೂ ಇವೆ, ಅವು ಗಡಿಯಾರದ ದಿಕ್ಕಿನಲ್ಲೇ ಬಿಚ್ಚಬೇಕಾದವು. ಸೈಕಲ್ಲಿನ ಎಡ ಪೆಡಲ್, ಬೆಂಚ್ ಗ್ರೈಂಡರಿನ ಎಡಗಡೆ ಕಲ್ಲಿನ ನಟ್ಟು, ಅನೇಕ ಟೇಬಲ್ ಫ್ಯಾನುಗಳ ರೆಕ್ಕೆ ಹಿಡಿದಿಡುವ ನಟ್ಟು, ಡ್ರಿಲ್ ಚಕ್ಕಿನ ಒಳಗಿನ ಸ್ಕ್ರೂ ಇವೆಲ್ಲ ಹೀಗೆ. ಭಾಗ ಯಾವ ದಿಕ್ಕಿಗೆ ತಿರುಗುತ್ತದೋ ಆ ತಿರುಗಾಟಕ್ಕೆ ನಟ್ಟು ಸಡಿಲವಾಗದಿರಲಿ ಎಂದು ಮಾಡಿದ ಏರ್ಪಾಡು. ಬಿಚ್ಚುತ್ತಿದ್ದೇನೆ ಎಂದುಕೊಂಡು ಅರ್ಧ ಗಂಟೆ ಬಿಗಿ ಮಾಡುತ್ತಿರುವ ಪ್ರಸಂಗ ನೀವು ಎಣಿಸುವುದಕ್ಕಿಂತ ಹೆಚ್ಚು.

ತಲೆಕೆಳಗಾಗಿ ಮಲಗಿ, ಅಥವಾ ಹಿಂಬದಿಯಿಂದ ಕೈ ಹಾಕಿ ಕೆಲಸ ಮಾಡುವಾಗಲೂ ದಿಕ್ಕು ತಪ್ಪುತ್ತದೆ. ಸ್ಕ್ರೂ ತಲೆಯನ್ನು ಎದುರಿಗಿಟ್ಟು ನೋಡುತ್ತಿರುವಂತೆ ಕಲ್ಪಿಸಿಕೊಂಡು ದಿಕ್ಕು ನಿರ್ಧರಿಸಿ.

ಹಂತ 2: ತಲೆಯನ್ನು ಸ್ವಚ್ಛ ಮಾಡಿ

ಗುಳಿಯಲ್ಲಿ ಕೂತಿರುವ ಬಣ್ಣ, ಮಣ್ಣು, ತುಕ್ಕನ್ನು ಸೂಜಿಯಿಂದ ಕೆರೆದು ತೆಗೆಯಿರಿ. ನೇರ ಗೀಟಿನ ಸ್ಕ್ರೂ ಆಗಿದ್ದರೆ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಗೀಟಿನಲ್ಲಿ ಎಳೆದಾಡಿ. ತಲೆಯ ಸುತ್ತ ಬಣ್ಣ ಮೆತ್ತಿದ್ದರೆ ಬ್ಲೇಡಿನಿಂದ ಅಂಚಿನ ಸುತ್ತ ಕೊಯ್ಯಿರಿ. ಬೋಲ್ಟಿನ ತುದಿ ನಟ್ಟಿನಿಂದ ಹೊರಗೆ ಚಾಚಿದ್ದರೆ ಆ ಮರೆಗಳನ್ನೂ ತಂತಿ ಬ್ರಷ್‌ನಿಂದ ಉಜ್ಜಿ, ಏಕೆಂದರೆ ನಟ್ಟು ಹೊರಬರುವ ದಾರಿ ಅದೇ. ಗುಳಿಯ ತಳದಲ್ಲಿ ಒಂದು ಮಿಲಿಮೀಟರಿನಷ್ಟು ಕಸ ಉಳಿದರೂ ಬಿಟ್ ಪೂರ್ತಿ ಇಳಿಯದೆ ಮೇಲಂಚನ್ನು ಮಾತ್ರ ಹಿಡಿಯುತ್ತದೆ.

ಹಂತ 3: ತಲೆಗೆ ತಕ್ಕ ಉಪಕರಣ

ಇಲ್ಲಿ ಸಮಯ ಕೊಡಿ. ಸ್ಟಾರ್ ಸ್ಕ್ರೂ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಕನಿಷ್ಠ ಮೂರು ಜಾತಿ ಇವೆ.

ಫಿಲಿಪ್ಸ್: ಬರೀ ಕೂಡು ಗುರುತು. ಗುಳಿಯ ಗೋಡೆಗಳು ಓರೆಯಾಗಿರುವುದರಿಂದ ಬಲ ಹೆಚ್ಚಾದರೆ ಬಿಟ್ ಮೇಲಕ್ಕೆ ಜಾರುತ್ತದೆ.

ಪೋಜಿಡ್ರಿವ್: ಕೂಡು ಗುರುತಿನ ತೋಳುಗಳ ನಡುವೆ ತೆಳುವಾದ ನಾಲ್ಕು ಗೀರುಗಳಿರುತ್ತವೆ. ಪೀಠೋಪಕರಣದ ಸ್ಕ್ರೂಗಳಲ್ಲಿ ಹೆಚ್ಚು. ಇದಕ್ಕೆ ಫಿಲಿಪ್ಸ್ ಬಿಟ್ ಹಾಕಿದರೆ ಕೂತಂತೆ ಕಂಡರೂ ಒಳಗೆ ಅಲುಗಾಡುತ್ತದೆ.

ಜೆಐಎಸ್: ಜಪಾನಿನ ಮಾನದಂಡದ್ದು. ಜಪಾನಿ ವಿನ್ಯಾಸದ ಬೈಕು, ಕಾರು, ಕ್ಯಾಮೆರಾಗಳಲ್ಲಿ ಸಿಗುತ್ತದೆ. ತಲೆಯ ಮೇಲೆ ಸಣ್ಣ ಚುಕ್ಕಿ ಇದ್ದರೆ ಬಹುಮಟ್ಟಿಗೆ ಇದೇ, ಆದರೆ ಎಲ್ಲದರ ಮೇಲೂ ಚುಕ್ಕಿ ಇರುವುದಿಲ್ಲ. ಫಿಲಿಪ್ಸ್ ಬಿಟ್ ಇದರ ತಳ ಮುಟ್ಟುವುದಿಲ್ಲ, ಹಾಗಾಗಿ ಬೇಗ ಜಾರುತ್ತದೆ. ಜೆಐಎಸ್ ಸ್ಕ್ರೂಡ್ರೈವರ್ ಮಾತ್ರ ಫಿಲಿಪ್ಸ್ ಸ್ಕ್ರೂವಿನಲ್ಲೂ ಚೆನ್ನಾಗಿ ಕೂರುತ್ತದೆ. ಒಂದೇ ಕೊಳ್ಳುವವರಿಗೆ ಇದೇ ಮೇಲು.

ಜಾತಿಯಷ್ಟೇ ಅಳತೆಯೂ ಮುಖ್ಯ. 4 ಮತ್ತು 5 ಮಿ.ಮೀ. ದಪ್ಪದ ಮಷೀನ್ ಸ್ಕ್ರೂಗಳಿಗೆ 2ನೇ ನಂಬರ್ ಬಿಟ್, 6 ಮಿ.ಮೀ. ಸ್ಕ್ರೂವಿಗೆ 3ನೇ ನಂಬರ್. ಮನೆಗಳಲ್ಲಿ 2ನೇ ನಂಬರೊಂದೇ ಇರುತ್ತದೆ, ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ. 6 ಮಿ.ಮೀ. ಸ್ಕ್ರೂಗಳ ತಲೆ ಇಷ್ಟೊಂದು ಸವೆಯಲು ಮುಖ್ಯ ಕಾರಣ ಇದು. ಪರೀಕ್ಷೆ ಸುಲಭ: ಬಿಟ್ಟನ್ನು ಗುಳಿಯಲ್ಲಿಟ್ಟು ಪಕ್ಕಕ್ಕೆ ಅಲುಗಾಡಿಸಿ. ಸರಿಯಾದದ್ದು ಅಲುಗುವುದಿಲ್ಲ. ತುದಿ ಸವೆದು ಹೊಳೆಯುತ್ತಿರುವ ಹಳೆಯ ಬಿಟ್ಟನ್ನು ಇಂಥ ಕೆಲಸಕ್ಕೆ ಹಾಕಬೇಡಿ.

ನಟ್ಟು–ಬೋಲ್ಟಿಗೆ ಬಂದರೆ, ಬಾಯ್ದೆರೆದ ಸ್ಪ್ಯಾನರ್ ಎರಡೇ ಮುಖಗಳನ್ನು ಹಿಡಿಯುತ್ತದೆ. ಬಲ ಬಿದ್ದಾಗ ಅದರ ಬಾಯಿ ಅಗಲವಾಗಿ ಮೂಲೆಗಳನ್ನು ಉಜ್ಜಿಬಿಡುತ್ತದೆ. ಮೊದಲ ಬಿಗಿ ಬಿಡಿಸಲು ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಬಳಸಿ, ಸಡಿಲವಾದ ಮೇಲೆ ಬೇಕಿದ್ದರೆ ಬಾಯ್ದೆರೆದದ್ದು. ಸಾಕೆಟ್ ಆರು ಮೂಲೆಯದ್ದೇ ಇರಲಿ. ಹನ್ನೆರಡು ಮೂಲೆಯದ್ದು ಹಾಕಲು ಸುಲಭವಾದರೂ ಬೋಲ್ಟಿನ ಮೂಲೆಗಳ ಹತ್ತಿರ ಒತ್ತುವುದರಿಂದ ಅವನ್ನು ಬೇಗ ಗುಂಡಗಾಗಿಸುತ್ತದೆ. ಬಾಯಿ ಹಿಗ್ಗಿಸಿ ಕುಗ್ಗಿಸುವ (ಅಡ್ಜಸ್ಟಬಲ್) ಸ್ಪ್ಯಾನರ್ ಇಂಥ ಬೋಲ್ಟಿನ ಹತ್ತಿರ ಸುಳಿಯಲೇಬಾರದು.

ಮಿಲಿಮೀಟರ್ ಮತ್ತು ಇಂಚಿನ ಗೊಂದಲವೂ ಇದೆ. ಅರ್ಧ ಇಂಚು ಎಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಕೂರುತ್ತದೆ, ಆದರೆ 0.3 ಮಿ.ಮೀ. ಸಡಿಲ. ಜಾಮ್ ಆಗದ ಬೋಲ್ಟಿಗೆ ನಡೆದೀತು, ಜಾಮ್ ಆದದ್ದಕ್ಕೆ ಅಷ್ಟೇ ಸಾಕು ಕೆಡಲು. ಮೂಲೆ ಆಗಲೇ ಸ್ವಲ್ಪ ಸವೆದಿದ್ದರೆ ಒಂದು ಅಳತೆ ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬಹುದು.

ಅಲೆನ್ ಕೀಯಲ್ಲಿ (ಆರು ಮೂಲೆಯ ಗುಳಿಗೆ ಹಾಕುವ ಬಾಗಿದ ಕಡ್ಡಿ) ತುದಿ ಗುಂಡಾಗಿರುವ ಕಡೆಯನ್ನು ಓರೆಯಾಗಿ ತಿರುಗಿಸಲು ಇಟ್ಟಿರುತ್ತಾರೆ. ಬಿಗಿ ಬಿಡಿಸಲು ಅದನ್ನು ಬಳಸಿದರೆ ಗುಂಡು ಮುರಿದು ಗುಳಿಯಲ್ಲೇ ಉಳಿಯುತ್ತದೆ. ನೇರ ತುದಿಯನ್ನೇ ಹಾಕಿ, ಒಂದೆರಡು ಪೆಟ್ಟು ಕೊಟ್ಟು ತಳ ಮುಟ್ಟಿಸಿ.

ಹಂತ 4: ಎಣ್ಣೆ, ಮತ್ತು ಕಾಯುವುದು

ಮರೆ ಶುರುವಾಗುವ ಸಂದಿಗೆ ಎಣ್ಣೆ ಬಿಡಿ. ಬೋಲ್ಟಿನ ತಲೆಯ ಮೇಲೆ ಸುರಿದು ಪ್ರಯೋಜನವಿಲ್ಲ. ಸಾಧ್ಯವಿದ್ದರೆ ಎರಡೂ ಬದಿಯಿಂದ ಹಾಕಿ. ಹದಿನೈದು ಇಪ್ಪತ್ತು ನಿಮಿಷ ಕನಿಷ್ಠ. ತುಕ್ಕು ಜೋರಾಗಿದ್ದರೆ ರಾತ್ರಿಯಿಡೀ ಬಿಟ್ಟು, ನಡುವೆ ಎರಡು ಮೂರು ಸಲ ಮತ್ತೆ ಹಾಕಿ, ಪ್ರತಿ ಸಲವೂ ತಲೆಗೆ ಮೆಲ್ಲಗೆ ನಾಲ್ಕೈದು ಪೆಟ್ಟು ಕೊಡಿ. ಪೆಟ್ಟಿಗೆ ತುಕ್ಕಿನಲ್ಲಿ ಬಿರುಕು ಬೀಳುತ್ತದೆ, ಎಣ್ಣೆ ಆ ಬಿರುಕಿನಲ್ಲಿ ಇಳಿಯುತ್ತದೆ. ಎಣ್ಣೆ ಸಿಂಪಡಿಸಿ ಮರುಕ್ಷಣವೇ ತಿರುವಲು ನಿಂತರೆ ಅದು ಹಾಕದಿದ್ದಂತೆಯೇ.

ಬ್ರೇಕಿನ ಡಿಸ್ಕ್, ಪ್ಯಾಡ್‌ಗಳಿಗೆ ಎಣ್ಣೆ ತಾಗಬಾರದು. ಹತ್ತಿರ ಕೆಲಸವಿದ್ದರೆ ಬಟ್ಟೆ ಮುಚ್ಚಿ, ಬ್ರಷ್ ತುದಿಯಲ್ಲಿ ಒಂದೆರಡು ಹನಿ ಮಾತ್ರ ಮುಟ್ಟಿಸಿ.

ಹಂತ 5: ಪೆಟ್ಟು

ಬೋಲ್ಟಿನ ತಲೆಯ ಮೇಲೆ ಅಗಲ ತುದಿಯ ಪಂಚ್ ಇಟ್ಟು ನೇರವಾಗಿ ಐದಾರು ಗಟ್ಟಿ ಪೆಟ್ಟು ಕೊಡಿ. ನಟ್ಟಾದರೆ ಅದರ ಒಂದು ಮುಖಕ್ಕೆ ಸುತ್ತಿಗೆಯಿಂದ ಹೊಡೆಯುವಾಗ ಎದುರು ಮುಖಕ್ಕೆ ಇನ್ನೊಂದು ಭಾರವಾದ ಸುತ್ತಿಗೆ ಒತ್ತಿ ಹಿಡಿಯಿರಿ, ಇಲ್ಲವಾದರೆ ಬೋಲ್ಟು ಬಾಗುತ್ತದೆ. ಮರೆಯ ತೆರೆದ ತುದಿಗೆ ನೇರವಾಗಿ ಹೊಡೆಯಬೇಡಿ. ತುದಿ ಅಣಬೆಯಂತೆ ಅರಳಿದರೆ ನಟ್ಟು ಅದನ್ನು ದಾಟಿ ಬರುವುದೇ ಇಲ್ಲ.

ಇಂಪ್ಯಾಕ್ಟ್ ಡ್ರೈವರ್ ಇದ್ದರೆ ಈ ಹಂತದ ಕೆಲಸ ಅರ್ಧ ಮುಗಿದಂತೆ. ಹಿಂದಿನಿಂದ ಸುತ್ತಿಗೆ ಬಿದ್ದಾಗ ಅದು ಆ ಪೆಟ್ಟಿನ ಒಂದು ಪಾಲನ್ನು ತಿರುಗುವ ಬಲವಾಗಿ ಬದಲಿಸುತ್ತದೆ, ಅದೇ ಕ್ಷಣದಲ್ಲಿ ಬಿಟ್ಟನ್ನು ಗುಳಿಯೊಳಕ್ಕೆ ಒತ್ತುತ್ತದೆ. ಹಾಗಾಗಿ ಜಾರುವ ಅವಕಾಶ ಬಹಳ ಕಡಿಮೆ. ಬಳಸುವ ರೀತಿ ಹೀಗೆ: ದಿಕ್ಕನ್ನು ಬಿಚ್ಚುವ ಕಡೆಗೆ ಹೊಂದಿಸಿ, ಬಿಟ್ ಕೂರಿಸಿ, ಹಿಡಿಕೆಯನ್ನು ಬಿಚ್ಚುವ ದಿಕ್ಕಿಗೆ ಕೈಯಿಂದ ಬಿಗಿಯಾಗಿ ತಿರುವಿ ಹಿಡಿದು, ಒಂದು ಕೆ.ಜಿ. ಸುತ್ತಿಗೆಯಿಂದ ಒಂದೇ ಗಟ್ಟಿ ಪೆಟ್ಟು. ಹತ್ತು ಸಣ್ಣ ಪೆಟ್ಟಿಗಿಂತ ಒಂದು ದೊಡ್ಡದು ಒಳ್ಳೆಯದು. ಎರಕದ ತೆಳು ಅಲ್ಯೂಮಿನಿಯಂ, ಪ್ಲಾಸ್ಟಿಕ್, ಗಾಜಿನ ಪಕ್ಕದ ಸ್ಕ್ರೂಗಳಿಗೆ ಇದು ಬೇಡ, ಆಧಾರವೇ ಒಡೆಯುತ್ತದೆ.

ಹೊಳೆಯುವ ಕ್ರೋಮ್ ಸಾಕೆಟ್‌ಗಳಿಗೆ ಜೋರಾಗಿ ಹೊಡೆದರೆ ಚೂರು ಸಿಡಿಯಬಹುದು. ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ ಬಳಸಿ. ಪ್ಲಾಸ್ಟಿಕ್ ಹಿಡಿಕೆಯೊಳಗೆ ಲೋಹ ಅರ್ಧಕ್ಕೇ ನಿಂತಿರುವ ಸ್ಕ್ರೂಡ್ರೈವರ್‌ಗೂ ಸುತ್ತಿಗೆ ಹಾಕಬೇಡಿ. ಕನ್ನಡಕ ಈ ಹಂತದಲ್ಲಿ ಕಡ್ಡಾಯ.

ಹಂತ 6: ತಿರುಗಿಸುವುದು

ಮೊದಲು ಬಿಗಿಯುವ ದಿಕ್ಕಿಗೆ ಒಂಚೂರು ತಿರುಗಿಸಿ ನೋಡಿ. ಎಷ್ಟೋ ಸಲ ಅಂಟಿದ ತುಕ್ಕು ಆ ಕಡೆಯಿಂದ ಬೇಗ ಬಿಡುತ್ತದೆ. ಆಮೇಲೆ ಬಿಚ್ಚುವ ದಿಕ್ಕಿಗೆ, ಎಳೆತ ಸಮವಾಗಿರುವಂತೆ ನಿಧಾನವಾಗಿ ಬಲ ಏರಿಸಿ. ಸ್ಕ್ರೂಡ್ರೈವರ್ ಆದರೆ ಇಡೀ ಮೈಭಾರ ಒತ್ತುವುದಕ್ಕೆ ಹೋಗಬೇಕು, ತಿರುಗಿಸಲು ಉಳಿದದ್ದು ಸಾಕು. ಸ್ಪ್ಯಾನರನ್ನು ನಿಮ್ಮ ಕಡೆಗೆ ಎಳೆಯಿರಿ. ತಳ್ಳಿದರೆ ಅದು ಥಟ್ಟನೆ ಬಿಟ್ಟಾಗ ಬೆರಳ ಗಂಟುಗಳು ಹೋಗಿ ಲೋಹಕ್ಕೆ ಬಡಿಯುತ್ತವೆ.

ಉದ್ದ ಹಿಡಿಕೆ ಹಾಕುವ ಮುನ್ನ ಲೆಕ್ಕ ಗೊತ್ತಿರಲಿ. 30 ಸೆಂ.ಮೀ. ಹಿಡಿಕೆಯ ತುದಿಯಲ್ಲಿ 20 ಕೆ.ಜಿ.ಯಷ್ಟು ಬಲ ಹಾಕಿದರೆ ಸುಮಾರು 60 ನ್ಯೂಟನ್ ಮೀಟರ್ ತಿರುಚುಬಲ ಬೀಳುತ್ತದೆ. ತಲೆಯ ಮೇಲೆ 8.8 ಎಂದು ಬಲದ ಗುರುತಿರುವ ಸಾಧಾರಣ 6 ಮಿ.ಮೀ. ಬೋಲ್ಟನ್ನು ಬಿಗಿಯುವ ಬಲವೇ ಸುಮಾರು 10 ನ್ಯೂಟನ್ ಮೀಟರ್, 8 ಮಿ.ಮೀ.ಗೆ ಸುಮಾರು 25, 10 ಮಿ.ಮೀ.ಗೆ 50ರ ಆಸುಪಾಸು. ಸಣ್ಣ ಸ್ಪ್ಯಾನರ್‌ಗಳು ಗಿಡ್ಡವಾಗಿರುವುದು ಸುಮ್ಮನೆ ಅಲ್ಲ. 6 ಮಿ.ಮೀ. ಬೋಲ್ಟಿಗೆ ಪೈಪ್ ತೂರಿಸಿ ಎಳೆದರೆ ಅದು ಬಿಚ್ಚುವುದಿಲ್ಲ, ತುಂಡಾಗುತ್ತದೆ. ಪೈಪನ್ನು ರ‍್ಯಾಚೆಟ್ ಹಿಡಿಕೆಗೆ (ಒಂದು ದಿಕ್ಕಿಗೆ ಮಾತ್ರ ಕಚ್ಚಿ ತಿರುಗಿಸುವ ಸಾಕೆಟ್ ಹಿಡಿಕೆ) ಎಂದೂ ತೂರಿಸಬೇಡಿ, ಒಳಗಿನ ಹಲ್ಲು ಹೋಗುತ್ತದೆ.

ಬೋಲ್ಟು ಬಿಚ್ಚುತ್ತಿದೆಯೋ ತಿರುಚುತ್ತಿದೆಯೋ ತಿಳಿಯಲು, ತಲೆಯಿಂದ ಪಕ್ಕದ ಲೋಹದವರೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ. ಎಳೆದಾಗ ಗೆರೆ ಸರಿದು, ಬಲ ಬಿಟ್ಟಾಗ ಮತ್ತೆ ಸ್ವಸ್ಥಾನಕ್ಕೆ ಬಂದರೆ ಬೋಲ್ಟು ಬರೀ ತಿರುಚಿಕೊಂಡಿದೆ, ಮರೆ ಬಿಟ್ಟಿಲ್ಲ. “ಟಕ್” ಎಂಬ ಸದ್ದಿನೊಂದಿಗೆ ಗೆರೆ ಸರಿದು ಅಲ್ಲೇ ನಿಂತರೆ ಬಿಟ್ಟಿದೆ. ಸದ್ದಿಲ್ಲದೆ, ಮೆತ್ತಗೆ ಜಗ್ಗಿದಂತೆ ತಿರುಗತೊಡಗಿದರೆ ಕೈ ತೆಗೆಯಿರಿ, ಮುಂದಿನ ಕಾಲು ಸುತ್ತಿನಲ್ಲಿ ತಲೆ ಕೈಗೆ ಬರುತ್ತದೆ. ಹಂತ 4ಕ್ಕೆ ಹಿಂದಿರುಗಿ.

ಒಮ್ಮೆ ಅಲುಗಿತು ಎಂದು ಒಂದೇ ಸಮನೆ ತಿರುಗಿಸಿ ತೆಗೆಯಲು ಹೋಗಬೇಡಿ. ಕಾಲು ಸುತ್ತು ಹೊರಗೆ, ಸ್ವಲ್ಪ ಒಳಗೆ, ಮತ್ತೆ ಎಣ್ಣೆ. ಕಂದು ಕೆಸರಿನಂತೆ ತುಕ್ಕು ಹೊರಬರುತ್ತಿರುವುದು ಕಾಣಿಸುತ್ತದೆ. ಆ ಪುಡಿಯನ್ನು ಹೊರಹಾಕದೆ ಎಳೆದರೆ ಅದೇ ಮರೆಯ ನಡುವೆ ಸಿಕ್ಕಿ ಮತ್ತೆ ಜಾಮ್ ಮಾಡುತ್ತದೆ.

ಹಂತ 7: ಶಾಖ

ಉಕ್ಕಿಗಿಂತ ಅಲ್ಯೂಮಿನಿಯಂ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಅಲ್ಯೂಮಿನಿಯಂ ಭಾಗಕ್ಕೆ ಹೀಟ್ ಗನ್ನಿನಿಂದ ಬಿಸಿ ಕೊಟ್ಟರೆ ಉಕ್ಕಿನ ಸ್ಕ್ರೂ ಕೂತ ರಂಧ್ರ ತಾನಾಗಿ ಸಡಿಲವಾಗುತ್ತದೆ. ಉಕ್ಕಿನ ಬೋಲ್ಟು, ಉಕ್ಕಿನ ನಟ್ಟು ಆದರೆ ನಟ್ಟನ್ನು ಮಾತ್ರ ಬಿಸಿ ಮಾಡಿ, ಬೋಲ್ಟನ್ನಲ್ಲ. ಬಿಸಿ ಮರೆಗೆ ಮೇಣದ ಬತ್ತಿ ತಾಗಿಸಿದರೆ ಕರಗಿದ ಮೇಣ ಸಂದಿಗೆ ಎಳೆದುಕೊಳ್ಳುತ್ತದೆ, ಒಳ್ಳೆಯ ಜಾರಿಕೆ ಕೊಡುತ್ತದೆ.

ನೀಲಿ ಥ್ರೆಡ್‌ಲಾಕರ್ ಮಧ್ಯಮ ಬಲದ್ದು, ಸರಿಯಾದ ಸ್ಪ್ಯಾನರ್ ಇದ್ದರೆ ಕೈಬಲಕ್ಕೇ ಬಿಡುತ್ತದೆ. ಕೆಂಪಿನದು ಸಾಮಾನ್ಯವಾಗಿ ಹೆಚ್ಚು ಬಲದ್ದು. ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿಸಿ, ಆರುವ ಮೊದಲೇ ಬಿಚ್ಚಬೇಕು. ಸಣ್ಣ ಸ್ಕ್ರೂಗಳಾದರೆ ಬಿಸಿ ಬೆಸುಗೆ ಕಡ್ಡಿಯನ್ನು (ಸೋಲ್ಡರಿಂಗ್ ಐರನ್) ತಲೆಯ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿದರೆ ಸಾಕು.

ಇಂಧನದ ಟ್ಯಾಂಕು, ಪೆಟ್ರೋಲ್ ಪೈಪು, ಬ್ಯಾಟರಿ, ಗಾಳಿ ತುಂಬಿದ ಟೈರು, ಮುಚ್ಚಿದ ಡಬ್ಬಿ ಇವುಗಳ ಹತ್ತಿರ ಶಾಖ ಬೇಡವೇ ಬೇಡ. ಪೆನೆಟ್ರೇಟಿಂಗ್ ಆಯಿಲ್ ಹೊತ್ತಿಕೊಳ್ಳುವ ವಸ್ತು. ಶಾಖ ಕೊಡುವ ಮುನ್ನ ಅದನ್ನು ಒರೆಸಿ. ಕ್ಲೋರಿನ್ ಸಂಯುಕ್ತಗಳಿರುವ ಬ್ರೇಕ್ ಕ್ಲೀನರ್ ಬಳಿದ ಜಾಗಕ್ಕೆ ಉರಿ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಸತುವಿನ ಲೇಪನವಿದ್ದ ಬೋಲ್ಟು ಕಾಯಿಸಿದಾಗ ಬರುವ ಹೊಗೆಯನ್ನೂ ಉಸಿರಾಡಬೇಡಿ.

ಹಂತ 8: ತಲೆ ಆಗಲೇ ಸವೆದಿದ್ದರೆ

ತಲೆ ಮೇಲೆ ಎದ್ದಿದ್ದರೆ ಲಾಕಿಂಗ್ ಪ್ಲೈಯರ್ ಅತ್ಯುತ್ತಮ. ತಲೆಯ ಎರಡು ಬದಿಯನ್ನು ಅರದಿಂದ ಚಪ್ಪಟೆ ಮಾಡಿ ಹಿಡಿಸಿದರೆ ಜಾರುವುದಿಲ್ಲ. ಅಥವಾ ತಲೆಗೆ ಅಡ್ಡಲಾಗಿ ಹ್ಯಾಕ್ಸಾದಿಂದ ಗೀಟು ಕೊರೆದು ಅಗಲ ತುದಿಯ ಸ್ಕ್ರೂಡ್ರೈವರ್ ಹಾಕಿ.

ಗುಳಿ ಸ್ವಲ್ಪವೇ ಸವೆದಿದ್ದರೆ ವಾಲ್ವ್ ಅರೆಯುವ ಪೇಸ್ಟನ್ನು ಬಿಟ್ ತುದಿಗೆ ಹಚ್ಚಿ. ಅದರ ಮರಳುಕಣಗಳು ಹಿಡಿತ ಕೊಡುತ್ತವೆ. ರಬ್ಬರ್ ಬ್ಯಾಂಡ್ ಇಡುವ ಉಪಾಯ ಎಲ್ಲೆಡೆ ಹರಿದಾಡುತ್ತಿದೆ. ಹಗುರ ಬಿಗಿಯ ಸಣ್ಣ ಸ್ಕ್ರೂಗಳಿಗಷ್ಟೇ ಅದು ಸರಿ. ಅಲೆನ್ ಗುಳಿ ಗುಂಡಗಾಗಿದ್ದರೆ ಆರು ಮೊನೆಯ ಟಾರ್ಕ್ಸ್ ಬಿಟ್ಟನ್ನು ಹೊಡೆದು ಕೂರಿಸಿ: 4 ಮಿ.ಮೀ. ಗುಳಿಗೆ ಟಿ25, 5ಕ್ಕೆ ಟಿ30, 6ಕ್ಕೆ ಟಿ40.

ಇದಾವುದಕ್ಕೂ ಬಗ್ಗದಿದ್ದರೆ ತಲೆಯನ್ನೇ ತೆಗೆದುಬಿಡಿ. ಸ್ಕ್ರೂವಿನ ದಪ್ಪದಷ್ಟೇ ಅಳತೆಯ ಡ್ರಿಲ್ ಬಿಟ್ಟಿನಿಂದ ತಲೆಯ ನಡುವೆ ಕೊರೆಯುತ್ತ ಹೋದರೆ ತಲೆ ಬಳೆಯ ಹಾಗೆ ಬಿಟ್ಟು ಬರುತ್ತದೆ. ಮೇಲಿನ ತಗಡು ಅಥವಾ ಮುಚ್ಚಳ ಸಡಿಲವಾಗಿ ಹೊರಬರುತ್ತದೆ. ಸ್ಕ್ರೂ ಎಳೆದು ಹಿಡಿದಿದ್ದ ಬಿಗಿ ತಲೆಯೊಂದಿಗೇ ಹೋಗಿರುತ್ತದೆ, ಹಾಗಾಗಿ ಉಳಿದ ಕಾಂಡವನ್ನು ಪ್ಲೈಯರಿನಿಂದ ಹಿಡಿದು ತಿರುಗಿಸಿದರೆ ಅನೇಕ ಸಲ ಸುಮ್ಮನೆ ಬಂದುಬಿಡುತ್ತದೆ. ನಟ್ಟು ಸವೆದಿದ್ದರೆ ನಟ್ ಸ್ಪ್ಲಿಟರ್ ಎಂಬ ಉಪಕರಣ ಅದನ್ನು ಒಂದು ಬದಿಯಿಂದ ಸೀಳುತ್ತದೆ. ಬೋಲ್ಟಿನ ಮರೆಗೆ ತಾಗುವ ಮುಂಚೆ ನಿಲ್ಲಿಸಿದರೆ ಬೋಲ್ಟು ಉಳಿಯುತ್ತದೆ.

ಹಂತ 9: ಒಳಗೇ ಮುರಿದಿದ್ದರೆ

ತುಂಡಾದ ಮೇಲ್ಮೈಯನ್ನು ಸಮ ಮಾಡಿ, ಸೆಂಟರ್ ಪಂಚ್‌ನಿಂದ ನಟ್ಟನಡುವೆ ಗುರುತು ಹೊಡೆಯಿರಿ. ನಡುವಿನಿಂದ ಒಂದು ಮಿ.ಮೀ. ತಪ್ಪಿದರೂ ಮುಂದೆ ಮೂಲ ಮರೆ ಕೊಯ್ದುಹೋಗುತ್ತದೆ. ಸಾಧ್ಯವಾದರೆ ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಬಳಸಿ, ಕೊರೆಯುತ್ತಿರುವಾಗಲೇ ತುಂಡು ಹಿಡಿದುಕೊಂಡು ಹೊರಬರುವುದುಂಟು. ಬರದಿದ್ದರೆ ಬೋಲ್ಟಿನ ಅರ್ಧದಷ್ಟು ಅಗಲದ ರಂಧ್ರ (8 ಮಿ.ಮೀ. ಬೋಲ್ಟಿಗೆ 4ರಿಂದ 5) ಕೊರೆದು ಎಕ್ಸ್‌ಟ್ರ್ಯಾಕ್ಟರ್ ಹಾಕಿ. ಎಡಕ್ಕೆ ಸುತ್ತಿದ ಮರೆಯ ಗಟ್ಟಿ ಉಕ್ಕಿನ ಕಡ್ಡಿ ಅದು. ಬಿಚ್ಚುವ ದಿಕ್ಕಿಗೆ ತಿರುಗಿಸಿದಷ್ಟೂ ಒಳಗೆ ಕಚ್ಚಿಕೊಳ್ಳುತ್ತದೆ.

ಎರಡು ಕೈಯಿಂದ ಹಿಡಿಯುವ ಟ್ಯಾಪ್ (ರಂಧ್ರದೊಳಗೆ ಮರೆ ಕೊಯ್ಯುವ ಉಪಕರಣ) ಹಿಡಿಕೆಯಲ್ಲೇ ಅದನ್ನು ತಿರುಗಿಸಿ, ಎರಡೂ ಕಡೆ ಸಮ ಬಲ ಇರಲಿ. ಒಂದೇ ಬದಿಯಿಂದ ಎಳೆದರೆ ಮುರಿಯುತ್ತದೆ. ಎಕ್ಸ್‌ಟ್ರ್ಯಾಕ್ಟರ್ ಒಳಗೆ ಮುರಿಯಿತೆಂದರೆ ಸಾಧಾರಣ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು, ಯಂತ್ರಾಗಾರಕ್ಕೇ ಒಯ್ಯಬೇಕು. ಬೋಲ್ಟು ಮುರಿದದ್ದೇ ತುಕ್ಕಿನ ಬಿಗಿಗೆ ಎಂದಾದರೆ ಅದಕ್ಕಿಂತ ತೆಳುವಾದ ಎಕ್ಸ್‌ಟ್ರ್ಯಾಕ್ಟರ್ ಅದೇ ಬಿಗಿಯನ್ನು ಸುಮ್ಮನೆ ಗೆಲ್ಲಲಾರದು. ಮೊದಲು ಎಣ್ಣೆ, ಶಾಖ ಕೊಟ್ಟು ಆಮೇಲೆ ಪ್ರಯತ್ನಿಸಿ.

ತಲೆಯಿಲ್ಲದ ಸ್ಟಡ್ (ಬರೀ ಮರೆಯ ಕಡ್ಡಿ) ಹೊರಗೆ ಚಾಚಿದ್ದರೆ ಇಷ್ಟೆಲ್ಲ ಬೇಡ. ಎರಡು ನಟ್ಟು ತೊಡಿಸಿ, ಒಂದಕ್ಕೊಂದು ಬಿಗಿದು, ಕೆಳಗಿನ ನಟ್ಟನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿ.

ಮರದಲ್ಲಿ ಕೂತ ಸ್ಕ್ರೂ

ಹಳೆಯ ಬಾಗಿಲು, ಕಿಟಕಿಯ ಸ್ಕ್ರೂಗಳಿಗೆ ಎಣ್ಣೆ ಬೇಡ, ಮರಕ್ಕೆ ಕಲೆ ಬೀಳುತ್ತದೆ. ಗೀಟು ಸ್ವಚ್ಛ ಮಾಡಿ, ಬಿಸಿ ಬೆಸುಗೆ ಕಡ್ಡಿಯನ್ನು ತಲೆಗೆ ಒತ್ತಿ ಹಿಡಿಯಿರಿ. ಸ್ಕ್ರೂ ಹಿಗ್ಗಿ ಸುತ್ತಲಿನ ಮರವನ್ನು ಸ್ವಲ್ಪ ಒತ್ತುತ್ತದೆ, ಆರಿದಾಗ ಕುಗ್ಗಿ ಅಂಟು ಬಿಡುತ್ತದೆ. ಪೂರ್ತಿ ಆರಿದ ಮೇಲೆ ತಿರುಗಿಸಿ, ಬಿಸಿಯಿರುವಾಗಲ್ಲ.

ಮತ್ತೆ ಹಾಕುವಾಗ

ಸವೆದ ತಲೆಯ ಸ್ಕ್ರೂವನ್ನು ವಾಪಸು ಹಾಕಬೇಡಿ. ಅದೇ ಉದ್ದ, ಅದೇ ಮರೆ, ತಲೆಯ ಮೇಲೆ ಅದೇ ಬಲದ ಗುರುತಿರುವ ಹೊಸದನ್ನು ತನ್ನಿ. ರಂಧ್ರದ ಮರೆಯನ್ನು ಟ್ಯಾಪ್ ಹಾಯಿಸಿ ಶುದ್ಧಮಾಡಿ. ತೇವ, ಶಾಖ ತಾಗುವ ಜಾಗವಾದರೆ ಆ್ಯಂಟಿ–ಸೀಜ್ ಪೇಸ್ಟ್, ಅಂದರೆ ತಾಮ್ರ ಅಥವಾ ನಿಕ್ಕಲ್ ಪುಡಿ ಬೆರೆತ ಗ್ರೀಸ್, ತೆಳುವಾಗಿ ಸವರಿ. ಪೇಸ್ಟ್ ಹಚ್ಚಿದಾಗ ಉಜ್ಜಾಟ ಕಡಿಮೆಯಾಗುವುದರಿಂದ ಮೊದಲಿನಷ್ಟೇ ತಿರುಚುಬಲ ಹಾಕಿದರೆ ಬೋಲ್ಟು ಹೆಚ್ಚು ಎಳೆದುಕೊಳ್ಳುತ್ತದೆ. ಬಲ ಸ್ವಲ್ಪ ಇಳಿಸಿ. ವಾಹನದ ಚಕ್ರದ ನಟ್ಟಿನಂಥ ಕಡೆ ತಯಾರಕರು ಹೇಳದ ಹೊರತು ಏನನ್ನೂ ಹಚ್ಚಬೇಡಿ. ಮೊದಲ ಎರಡು ಮೂರು ಸುತ್ತನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಮರೆ ಓರೆಯಾಗಿ ಹತ್ತಿದರೆ ಬೆರಳಿಗೆ ಆಗಲೇ ಗೊತ್ತಾಗುತ್ತದೆ.